ಭೀಮವ್ವನ ಒಪ್ಪತ್ತು

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಸಾಕು, ತ್ರಿವೇಣಿ ಪುಣೆಯಲ್ಲಿ ಇರುತ್ತಿರಲಿಲ್ಲ. ಬಣ್ಣ ಹಾಕಿದ ರಕ್ತದ ನೇರಳೆಯೊಳಗೆ ತೇಲುತ್ತ ಎಲ್ಲಿಗೋ ಹೋಗಿಬಿಡುತ್ತಿದ್ದಳು. ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತು ವರ್ಷದಿಂದ ಅದೇ ಕೆಲಸ. ಕೂಗಿದರೂ ಓಗೊಡುವುದಿಲ್ಲವೆಂದು ಜೊತೆಯವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ, ಅವರಿಗೇನು ಗೊತ್ತು!

ಈಚೆಗೆ ಅವಳು ಕಾಯುತ್ತಿದ್ದುದು ಭೀಮವ್ವನ ರಕ್ತಕ್ಕೆ. ಊರಂಚಿನ ಕಾತ್ರಜದಲ್ಲಿ ಮಗಳ ಮನೆಯಲ್ಲಿದ್ದ ಆ ಮುದುಕಿಗೆ ರಕ್ತದ ಕ್ಯಾನ್ಸರ್. ರಕ್ತದ ಎಳೆಯ ಕಣ ಬಲಿಯಬೇಕಾದರೆ ಅದರೊಳಗಿನ ರಿಸೆಪ್ಟರಿಗೆ, ಬೀಗಕ್ಕೆ ಕೀಲಿ ಕೂಡಿದಂತೆ, ತಕ್ಕ ರಾಸಾಯನಿಕ ಬಂದು ಕೂಡಬೇಕು. ಭೀಮವ್ವನ ಕಣಗಳಲ್ಲಿ ಆ ರಿಸೆಪ್ಟರೇ ಕೆಟ್ಟು, ಎಳಸು ಕಣಗಳು ರಾಶಿ ಬಿದ್ದಿದ್ದವು. ವಿಟಮಿನ್ ಎ ಬಳಗದ ಒಂದು ಗುಳಿಗೆ ಅದನ್ನು ಎಚ್ಚರಿಸುತ್ತದೆ. ಕೊಲ್ಲುವ ಮದ್ದಲ್ಲ, ಬೆಳೆಸುವ ಮದ್ದು! ತ್ರಿವೇಣಿಗೆ ಅದು ಬಹಳ ಹಿಡಿಸಿತ್ತು. ಗುಳಿಗೆ ಶುರುವಾದ ಎರಡು ವಾರದಲ್ಲಿ ಕಣಗಳು ಬಲಿಯತೊಡಗಿದ್ದವು.

ಶ್ರಾವಣದ ಎರಡನೆಯ ವಾರ ನೋಡಿದರೆ ಮತ್ತೆ ಬರೀ ಎಳಸು. ಈ ಮದ್ದು ಸೋತರೆ ಮುದುಕಿ ಉಳಿಯುವುದು ಕಷ್ಟ. ಹೊರಗೆ ಬೆಂಚಿನ ಮೇಲಿದ್ದ ಭೀಮವ್ವನ ಬಳಿಗೆ ಓಡಿದಳು.

“ಗುಳಿಗಿ ಬರೋಬರಿ ತಗೋತೀರೇನ್ರಿ?”

“ತಗೋತೀನವ್ವಾ. ಊಟದ ಜೋಡಿ ತಗೋ ಅಂದಾರ, ಹಂಗ ತಗೋತೀನಿ.”

“ಎರಡೂ ಹೊತ್ತು?”

“ಎರಡು ಹೊತ್ತು ಎಲ್ಲೀದವ್ವಾ? ಶ್ರಾವಣ ಅಲ್ಲೇನು? ಒಪ್ಪತ್ತು ಹಿಡದೀನಿ. ಸಂಜಿಗೆ ಊಟಿಲ್ಲ, ಗುಳಿಗೀನೂ ಇಲ್ಲ.”

ಅಯ್ಯೋ ಶಿವನೇ! ಡಾಕ್ಟರ ಮಾತೂ ಮುರಿದಿಲ್ಲ, ದೇವರ ವ್ರತವೂ ಮುರಿದಿಲ್ಲ. ಹೊಟ್ಟೆಗೆ ಬಿದ್ದದ್ದು ಮಾತ್ರ ಅರ್ಧ ಮದ್ದು.

“ಒಪ್ಪತ್ತು ಬಿಡ್ರಿ,” ಎಂದಳು ತ್ರಿವೇಣಿ.

“ಜೀವ ಉಳೀಲಿ ಅಂತನ ಹಿಡದೀನಿ. ನಡುವ ಬಿಟ್ರ ದೇವರು ಮಾರಿ ತಿರುವತಾನ.” ಮುದುಕಿಯ ಕಣ್ಣು ತುಂಬಿತು. ಅವಳಿಗೆ ನಿಜವಾಗಿಯೂ ಭಯವಾಗಿತ್ತು.

ತ್ರಿವೇಣಿಗೆ ಸಿಟ್ಟೂ ಬಂತು, ಕರುಳೂ ಚುರುಕ್ಕೆಂದಿತು. ಜನ್ಮದಲ್ಲಿ ಒಂದು ಸೋಮವಾರ ಉಪವಾಸ ಮಾಡಿದವಳಲ್ಲ ಅವಳು.

“ಹಂಗಾದ್ರ ನನಗ ಕೊಡ್ರಿ. ನಿಮ್ಮ ಒಪ್ಪತ್ತು ನಾ ಹಿಡೀತೀನಿ. ನೀವು ಎರಡೂ ಹೊತ್ತು ಉಣ್ರಿ, ಗುಳಿಗಿ ತಗೋರಿ.”

ಭೀಮವ್ವ ಅವಳ ಮುಖವನ್ನೇ ನೋಡಿದಳು. “ಕದ್ದು ಉಣ್ಣೂಹಂಗಿಲ್ಲ ಮತ್ತ.”

“ಇಲ್ರಿ.”

ಡಾಕ್ಟರಿಗೂ ವಿಷಯ ತಿಳಿಸಿದಳು. ಹತ್ತು ದಿನದ ಮೇಲೆ ಒಂದು ಸಂಜೆ ಭೀಮವ್ವನ ರಕ್ತ ಮತ್ತೆ ಬಂತು. ಹಸಿದ ಹೊಟ್ಟೆಯಲ್ಲಿ ತ್ರಿವೇಣಿ ನೇರಳೆಗೆ ಇಳಿದಳು. ಕಣಗಳು ಬಲಿತಿದ್ದವು, ಒಂದಲ್ಲ ಎರಡಲ್ಲ, ಕಣ್ಣು ಹಾಯಿಸಿದಲ್ಲೆಲ್ಲ. ಅವಳು ಅಲ್ಲೇ ಕೂತು ಅತ್ತಳು.

ಸಹೋದ್ಯೋಗಿ ಗೋದಾ ಗಾಬರಿಯಾಗಿ ಬಿಸಿ ಬಿಸಿ ಅವಲಕ್ಕಿ ಪೋಹೆಯ ತಟ್ಟೆ ತಂದು ಮುಂದಿಟ್ಟಳು.

“ಬ್ಯಾಡ,” ಎಂದು ತ್ರಿವೇಣಿ ಕಣ್ಣೊರೆಸಿಕೊಂಡಳು. “ಶ್ರಾವಣ ಇನ್ನೂ ಐದು ದಿನ ಅದ.”