ಎದುರಾಳಿಯ ಹೆಸರು ಕೂಗಿದ ಅಂಬಿಗ

ಬಕ್‌ಹಾರ್ನ್ ಹೊಳೆಯ ಆಚೆ ದಡದಲ್ಲಿ ತಗಡಿನ ಕೊಂಬು ಕೂಗಿತೆಂದರೆ ಎಲಿಹು ಮೇಬರಿ ಉಣ್ಣುತ್ತಿದ್ದ ತಟ್ಟೆಯನ್ನೂ ಬಿಟ್ಟು ಏಳುತ್ತಿದ್ದ. ಅವನ ಅಪ್ಪ ವರ್ಜೀನಿಯದಿಂದ ಬೆಟ್ಟ ದಾಟಿ ಕೆಂಟಕಿಗೆ ಬಂದಾಗ ಕಟ್ಟಿದ ಅಗಲವಾದ ದೋಣಿಗೆ ಈಗ ಅವನೇ ಅಂಬಿಗ. ದಡದಿಂದ ದಡಕ್ಕೆ ಬಿಗಿದ ಹಗ್ಗವನ್ನು ಎಳೆದೆಳೆದು ದಾಟಿಸಬೇಕು. ಎಲಿಹುವಿನ ಅಂಗೈ ಹಳೆಯ ಜೀನಿನ ತೊಗಲಿನಂತಾಗಿತ್ತು. ನಾಲ್ಕಕ್ಷರ ಬಲ್ಲವನು, ಮುಲಾಜಿಗೆ ಬಗ್ಗದವನು ಎಂದು ಹಂದಿ ಯಾರದೆಂಬ ಕಿವಿ ಗುರುತಿನ ಜಗಳಕ್ಕೂ ಬೇಲಿಯ ಜಗಳಕ್ಕೂ ಜನ ಅವನನ್ನೇ ಕರೆಯುತ್ತಿದ್ದರು.

ಒಂದು ವಸಂತದಲ್ಲಿ ಹೊಳೆ ಉಕ್ಕಿ ಹರಿಯಿತು. ಆಚೆ ದಡದ ವಿಧವೆ ಡಾರ್ಕಸ್ ಟೀಗ್ ತನ್ನ ಹೊಲದ ವ್ಯಾಜ್ಯಕ್ಕಾಗಿ ಈಚೆ ದಡದ ಹಾರ್ಲೋ ಊರಿನ ಕೋರ್ಟಿಗೆ ಬರಬೇಕಾಗಿತ್ತು. ಬೆಳಗಿನಿಂದ ಅವಳು ಕೊಂಬು ಊದುತ್ತಲೇ ಇದ್ದಳು. ಬುಡಮೇಲಾದ ಮರಗಳು ತೇಲಿ ಬರುತ್ತಿದ್ದ ಆ ಪ್ರವಾಹಕ್ಕೆ ದೋಣಿಯನ್ನು ಇಳಿಸುವಂತಿರಲಿಲ್ಲ. ಕೋರ್ಟಿನಲ್ಲಿ ಹೆಸರು ಕೂಗಿದಾಗ ಹಾಜರಿಲ್ಲವೆಂದು ಅವಳ ಹೊಲ ಕೈಬಿಟ್ಟು ಹೋಯಿತು. ಆ ಕೊಂಬಿನ ದನಿ ಎಲಿಹುವಿನ ಕಿವಿಯಿಂದ ಮಾತ್ರ ಹೋಗಲಿಲ್ಲ.

"ಆಚೆ ದಡ ಬೇರೆ ಜಿಲ್ಲೆ ಆಗ್ಬೇಕು ಕೆಜಾಯ, ಅವರದೇ ಕೌಂಟಿ, ಅವರದೇ ಕೋರ್ಟು ಬೇಕು" ಎಂದ ಹೆಂಡತಿಗೆ.

"ಅದನ್ನ ಒಲೆ ಮುಂದೆ ಕೂತು ನಂಗೆ ಹೇಳಿದ್ರೆ ಏನ್ ಬಂತು? ರಾಜಧಾನಿ ಫ್ರಾಂಕ್‌ಫರ್ಟಿಗೆ ಹೋಗಿ ಸೆನೆಟ್‌ನಲ್ಲಿ ಹೇಳಿ."

ಹಾಗೆ ಅಂಬಿಗ ಸೆನೆಟ್ ಚುನಾವಣೆಗೆ ನಿಂತ. ಎದುರಾಳಿ ಕರ್ನಲ್ ಲೂಷಿಯಸ್ ಪ್ರೇಥರ್. ಬೆಳ್ಳಿ ಗುಂಡಿಯ ಕೋಟಿನವನು, ಹಾರ್ಲೋದ ಅರ್ಧ ಅಂಗಡಿಗಳ ಒಡೆಯ. ಕೋರ್ಟಿಗೆ ಬರುವ ಜನ ಎರಡು ಕಡೆ ಹಂಚಿಹೋದರೆ ಅವನ ಅಂಗಡಿಗಳಿಗೆ ಕುತ್ತು. ಹಾಗಾಗಿ ಹೊಸ ಕೌಂಟಿಯೆಂದರೆ ಅವನಿಗೆ ಮೈಯೆಲ್ಲ ಉರಿ.

ಆಗಸ್ಟ್ ತಿಂಗಳು ಬಂತು. ಮೂರು ದಿನಗಳ ಮತದಾನ! ಕೋರ್ಟಿನ ಅಂಗಳದಲ್ಲಿ ಇಡೀ ಎತ್ತು ಕೆಂಡದ ಮೇಲೆ ಬೇಯುತ್ತಿತ್ತು. ಜೋಳದ ರೊಟ್ಟಿಯ ಗುಡ್ಡೆಗಳು. ಕರ್ನಲ್‌ನದು ದೊಡ್ಡ ವಿಸ್ಕಿ ಪೀಪಾಯಿ, ಎಲಿಹುವಿನದು ಚಿಕ್ಕದು. ಕಟ್ಟೆಯ ಮೇಲೆ ಚುನಾವಣೆ ನಡೆಸುವ ಶೆರೀಫ, ಅವನ ಎರಡು ಬದಿಗೆ ಇಬ್ಬರು ಅಭ್ಯರ್ಥಿಗಳು. ಮತದಾರ ಮುಂದೆ ಬಂದು ಎಲ್ಲರಿಗೂ ಕೇಳುವಂತೆ ಹೆಸರು ಕೂಗುತ್ತಾನೆ. ಆ ಹೆಸರಿನವನು ಎದ್ದು ತಲೆಬಾಗಿ ವಂದಿಸುತ್ತಾನೆ. ಮುಚ್ಚುಮರೆಯಿಲ್ಲ.

ಮೊದಲ ದಿನ ಎಲಿಹು ತನ್ನ ಮತ ಹಾಕಲು ಎದ್ದ. ಮರ್ಯಾದಸ್ಥನಾದ ಅಭ್ಯರ್ಥಿ ತನ್ನ ಹೆಸರನ್ನು ತಾನೇ ಕೂಗುವುದಿಲ್ಲ, ಎದುರಾಳಿಯದನ್ನು ಕೂಗುತ್ತಾನೆ. ಅದು ಅಲ್ಲಿಯ ಹಳೆಯ ರೂಢಿ. "ಲೂಷಿಯಸ್ ಪ್ರೇಥರ್!" ಎಂದು ಎಲಿಹು ಕೂಗಿದ. ಕರ್ನಲ್ ಎದ್ದು ವಂದಿಸಿದ, ಮೀಸೆಯಡಿ ನಕ್ಕ. ತನ್ನ ಮತವನ್ನು ಮಾತ್ರ ಅವನು ಹಾಕಲಿಲ್ಲ.

ಆ ಸಂಜೆ ಕೆಜಾಯ ಸೌಟು ಹಿಡಿದೇ ನಿಂತಳು. "ಮರ್ಯಾದೆ ಬೇಯಿಸ್ಕೊಂಡು ತಿನ್ನಿ! ಆ ಮಹಾರಾಯ ಮೂರನೇ ದಿನ ತನ್ನ ಹೆಸರು ತಾನೇ ಕೂಗಿದ್ರೆ?"

"ಕೂಗೋದಾದ್ರೆ ಕೂಗ್ಲಿ. ಊರೆಲ್ಲ ಕೇಳ್ತಾ ಇರತ್ತಲ್ಲ."

ಅಭ್ಯರ್ಥಿ ಕಟ್ಟೆ ಬಿಟ್ಟು ಏಳುವಂತಿಲ್ಲ. ದೋಣಿಯ ಹಗ್ಗ ಹಿಡಿದವಳು ಕೆಜಾಯ. ಮೂರನೆಯ ದಿನ ಬೆಟ್ಟದಲ್ಲಿ ಮಳೆಯಾಗಿ ಹೊಳೆ ಕೆಂಪಗೆ ಏರತೊಡಗಿತು. ಆಚೆ ದಡದವರು ತಂಡತಂಡವಾಗಿ ಬಂದರು. ಕೆಜಾಯ ಸೆರಗಿನಂತೆ ಹಾರುವ ಲಂಗವನ್ನು ಸೊಂಟಕ್ಕೆ ಸಿಕ್ಕಿಸಿ ಎಳೆದಳು, ಎಳೆದಳು! ಈಚೆ ಕಟ್ಟೆಯ ಮೇಲೆ ಹೆಸರುಗಳ ಮಳೆ: "ಮೇಬರಿ!" "ಪ್ರೇಥರ್!" "ಮೇಬರಿ!" ಎಲಿಹು ಎದ್ದು ಕುಳಿತು, ಎದ್ದು ಕುಳಿತು ಮೊಣಕಾಲು ನೋಯಿಸಿಕೊಂಡ. ಒಮ್ಮೆ ಅವನು ಮುಂದೆ, ಒಮ್ಮೆ ಕರ್ನಲ್ ಮುಂದೆ. ಪಂದ್ಯ ಕಟ್ಟಿದವರು ಟೋಪಿ ಕಚ್ಚುತ್ತಿದ್ದರು.

ಹೊತ್ತು ಮುಳುಗುವಾಗ ಎಲಿಹು ಒಂದು ಮತದಿಂದ ಮುಂದಿದ್ದ. ಅಷ್ಟರಲ್ಲಿ ಕೆಸರು ಮೆತ್ತಿದ ಒಬ್ಬ ರೈತ ಓಡೋಡಿ ಬಂದ. ಹಿಂದೆಯೇ ಒದ್ದೆ ಮುದ್ದೆಯಾದ ಕೆಜಾಯ.

"ಲೂಷಿಯಸ್ ಪ್ರೇಥರ್!" ಎಂದ ರೈತ. ಸರಿಸಮ! ಅಂಗಳ ಹೋ ಎಂದಿತು.

"ಯಾಕವ್ವ, ಇವನ್ನ ಕರ್ಕೊಂಡ್ ಬಂದೆ?" ಎಂದು ಎಲಿಹುವಿನ ಕಡೆಯವರು ಕೆಜಾಯಳ ಮೇಲೆ ಮುಗಿಬಿದ್ದರು.

"ಕೊಂಬು ಊದಿದ, ದಾಟಿಸ್ದೆ. ದೋಣಿಗೆ ಪಕ್ಷ ಇದ್ಯಾ?"

ರೈತ ಟೋಪಿ ತೆಗೆದ. "ನಾನು ಕರ್ನಲ್‌ರ ಕಡೆಯೋನು ಅಂತ ಬಾಯಿಬಿಟ್ಟೇ ಹೇಳಿದ್ದೆ ಸ್ವಾಮಿ. ಆದ್ರೂ ಆ ನೀರಲ್ಲಿ ನನ್ನೊಬ್ಬನಿಗೋಸ್ಕರ ಹಗ್ಗ ಎಳೆದ್ಲು ಈ ತಾಯಿ."

ಎಲ್ಲರೂ ಶೆರೀಫನತ್ತ ತಿರುಗಿದರು. ಸರಿಸಮವಾದರೆ ಶೆರೀಫನ ಮಾತೇ ಕೊನೆ. ಶೆರೀಫ ಕರ್ನಲ್‌ನ ಭಾವಮೈದುನ. ಕರ್ನಲ್ ಬಾಯಿ ಬಿಡದೆ ಕುಳಿತರೆ ಸಾಕು, ಸೆನೆಟ್ ಅವನದು. ಅದು ಎಲಿಹುವಿಗೂ ಗೊತ್ತು. ಡಾರ್ಕಸ್‌ಳ ಕೊಂಬು ಕಿವಿಯಲ್ಲಿ ಮೊರೆಯುತ್ತಿತ್ತು.

"ಇನ್ಯಾರಾದ್ರೂ ಇದ್ದೀರಾ?" ಎಂದು ಶೆರೀಫ ಕೂಗಿದ. "ಇನ್ಯಾರಾದ್ರೂ?"

ಕರ್ನಲ್ ಕೆಜಾಯಳ ಕೈ ನೋಡಿದ. ಹಗ್ಗ ಉಜ್ಜಿ ಅಂಗೈಯಲ್ಲಿ ರಕ್ತ ಜಿನುಗುತ್ತಿತ್ತು.

"ನಾನಿದ್ದೀನಿ" ಎಂದು ಅವನು ಎದ್ದ.

"ಭಾವ, ಸುಮ್ನೆ ಕೂತ್ಕೊಳ್ಳಿ!" ಎಂದು ಶೆರೀಫ ಪಿಸುಗುಟ್ಟಿದ್ದು ಕಡೆಯ ಸಾಲಿಗೂ ಕೇಳಿತು.

"ಮೊದಲ ದಿನ ಇವನು ನನ್ನ ಹೆಸರು ಹೇಳಿದ. ಇವತ್ತು ಇವನ ಹೆಂಡತಿ ನನ್ನ ಮತದಾರನ್ನ ಹೊತ್ತು ತಂದ್ಲು. ಇದಾದ ಮೇಲೂ ನಾನು ಬಾಯಿ ಮುಚ್ಚಿಕೊಂಡು ಗೆದ್ರೆ ನನ್ನ ಕುದುರೆ ಕೂಡ ನನ್ನ ಮುಖ ನೋಡಲ್ಲ ಕಣಯ್ಯ." ಅವನು ಎದೆ ತುಂಬ ಉಸಿರು ಎಳೆದುಕೊಂಡ. "ಎಲಿಹು ಮೇಬರಿ!"

ಟೋಪಿಗಳು ಆಕಾಶಕ್ಕೆ ಹಾರಿದವು! ರೂಢಿಯಂತೆ ಎಲಿಹು ಎದ್ದು ವಂದಿಸಬೇಕಾಗಿತ್ತು. ಎದ್ದನೇನೋ ನಿಜ, ವಂದಿಸುವುದನ್ನೂ ಮರೆತು ಬಾಯಿ ತೆರೆದು ನಿಂತುಬಿಟ್ಟ.

"ಈ ಮೂಕನ್ನ ಸೆನೆಟ್ಟಿಗೆ ಕಳಿಸ್ತಿದ್ದೀವಲ್ಲಪ್ಪ!" ಎಂದ ಕರ್ನಲ್. ಅಂಗಳವೆಲ್ಲ ನಕ್ಕಿತು.

ಫ್ರಾಂಕ್‌ಫರ್ಟಿನಲ್ಲಿ ಮೂಕನಿಗೆ ಮಾತು ಬಂತು. ಕೆಜಾಯ ನೇಯ್ದ ಒರಟು ಕೋಟು ತೊಟ್ಟು ನಿಂತು, ಭಾಷಣದ ಬದಲು ಡಾರ್ಕಸ್ ಟೀಗ್‌ಳ ಆ ಒಂದು ಬೆಳಗನ್ನು ವರ್ಣಿಸಿದ. ಮೊದಲ ಚಳಿಗಾಲದಲ್ಲಿ ಹೊಸ ಕೌಂಟಿಯ ಮಸೂದೆ ಬಿದ್ದುಹೋಯಿತು. ಎರಡನೆಯ ಚಳಿಗಾಲದಲ್ಲಿ ಗೆದ್ದಿತು. ಆಚೆ ದಡ ಹೊಸ ಕೌಂಟಿಯಾಯಿತು, ಬೇರೆ ಸೆನೆಟ್ ಕ್ಷೇತ್ರಕ್ಕೂ ಸೇರಿತು.

"ನಿಮ್ಮ ಹೆಸರು ಕೂಗೋರೆಲ್ಲ ಅತ್ತ ಹೋದ್ರು. ಮುಂದಿನ ಸಲ ನಿಮಗೆ ಗತಿ ಯಾರು? ದೋಣಿಗೆ ಗತಿ ಯಾರು?" ಎಂದು ಕೆಜಾಯ ಕೇಳಿದಳು.

"ಗೊತ್ತಿದ್ದೇ ಮಾಡ್ದೆ" ಎಂದ ಎಲಿಹು.

ಮರು ವಸಂತದಲ್ಲಿ ಹೊಳೆ ಮತ್ತೆ ಉಕ್ಕಿತು. ಅಂದು ಆಚೆ ದಡದಲ್ಲಿ ಹೊಸ ಕೋರ್ಟಿನ ಮೊದಲ ಕಲಾಪ. ಎಲಿಹು ಬೆಳಗಿನಿಂದ ದೋಣಿಯ ಬಳಿ ಕಿವಿ ನಿಮಿರಿಸಿ ಕುಳಿತಿದ್ದ. ನೀರು ಮೊರೆಯಿತು, ಕಾಗೆ ಕೂಗಿತು. ಕೊಂಬು ಕೂಗಲಿಲ್ಲ. ಮಧ್ಯಾಹ್ನವಾಯಿತು, ಇಲ್ಲ. ಅವನು ಚಂಗನೆ ಎದ್ದು ಮನೆಯತ್ತ ಓಡಿದ.

"ಕೆಜಾಯ! ಕೇಳಿಸ್ತಾ?"

"ಏನೂ ಕೇಳಿಸ್ತಿಲ್ಲವಲ್ಲ!"

"ಅದೇ ಕಣೇ, ಅದೇ!" ಎಂದು ಕೆಲಸವಿಲ್ಲದ ಅಂಬಿಗ, ಸದ್ಯದ ಸೆನೆಟರ್, ಹೆಂಡತಿಯ ಎರಡೂ ಕೈ ಹಿಡಿದು ಅಂಗಳದಲ್ಲೇ ಕುಣಿಯತೊಡಗಿದ.