ಗಿಡ್ಡ ಓಟಗಾರನ ಪರ ವಾದ ಮಾಡಿದ್ದಕ್ಕೆ

ಲಂಚ್ ಬ್ರೇಕ್‌ನಲ್ಲಿ ಸಿಯೋನೆ ತನ್ನ ಫೋನನ್ನು ಎಲ್ಲರ ಮುಖದ ಮುಂದೆ ಹಿಡಿದು ನಗುತ್ತಿದ್ದ. ನಮ್ಮೂರಿನ ಫುಟ್‌ಬಾಲ್ ಟೀಮಿಗೆ ಹೊಸ ಆಟಗಾರ ಸೈನ್ ಆಗಿದ್ದ.

ಈ ದೇಶದಲ್ಲಿ ಫುಟ್‌ಬಾಲ್ ಅಂದರೆ ಒದೆಯುವ ಆಟ ಅಲ್ಲ. ಚೆಂಡನ್ನು ಎದೆಗೆ ಅವುಚಿಕೊಂಡು ಎದುರಿನವರ ಗೆರೆ ದಾಟಬೇಕು, ಅವರು ಮೈಮೇಲೆ ಬಿದ್ದು ಕೆಡವುತ್ತಾರೆ. ಹಾಗೆ ಓಡುವವನಿಗೆ ರನ್ನಿಂಗ್ ಬ್ಯಾಕ್ ಅಂತಾರೆ. ಈ ಹೊಸಬ ತುಂಬಾ ಫಾಸ್ಟ್, ಆದರೆ ಗಿಡ್ಡ. ಹೆಚ್ಚುಕಮ್ಮಿ ನನ್ನಷ್ಟೇ.

"ಯಾರಾದ್ರೂ ಜೋರಾಗಿ ಕೆಮ್ಮಿದ್ರೆ ಸಾಕು, ಹಾರಿಹೋಗ್ತಾನೆ," ಅಂದ ಸಿಯೋನೆ.

"ಮೊದಲನೇ ಮ್ಯಾಚಿಗೇ ಸ್ಟ್ರೆಚರ್," ಅಂದ ಅಬ್ದಿ. "ಅದೂ ಮಕ್ಕಳ ಸೈಜಿಂದು ತರಿಸ್ಬೇಕು."

ಟಕ್ವಿಲಾ ಅನ್ನೋ ಊರಿನ ಈ ವೇರ್‌ಹೌಸ್‌ನಲ್ಲಿ ನಾವು ಮೂವರೂ ಒಂದೇ ಶಿಫ್ಟ್. ಸಿಯೋನೆ ಸಮೋವಾದವನು, ಫೋರ್ಕ್‌ಲಿಫ್ಟ್ ಓಡಿಸುತ್ತಾನೆ, ಬಾಗಿಲಲ್ಲಿ ನಿಂತರೆ ಒಳಗೆ ಬೆಳಕು ಬರಲ್ಲ. ಅಬ್ದಿ ಸೊಮಾಲಿಯಾದವನು. ನಾನು ಹುಬ್ಬಳ್ಳಿಯವನು, ಹತ್ತನೇ ಕ್ಲಾಸ್ ಪಾಸು, ನರ್ಸ್ ಹೆಂಡತಿಯ ವೀಸಾ ಹಿಡಿದು ಬಂದವನು.

ಸುಮ್ಮನಿರಬೇಕಿತ್ತು. ನನ್ನ ಬಾಯಿ ಸುಮ್ಮನಿರಲ್ಲ.

"ಹಿಡಿಯೋಕೆ ಸಿಕ್ಕಿದ್ರೆ ತಾನೇ ಮುರಿಯೋದು?" ಅಂದೆ. ಸ್ಕೂಲಲ್ಲಿ ನಾನು ಕಬಡ್ಡಿ ರೈಡರ್. ದೊಡ್ಡ ದೊಡ್ಡವರ ಕಂಕುಳ ಕೆಳಗೆ ಹೇಗೆ ನುಸುಳುತ್ತಿದ್ದೆ ಅಂತ ಎದ್ದು ನಿಂತು ಆ್ಯಕ್ಷನ್ ಸಮೇತ ತೋರಿಸಿದೆ.

ಸಿಯೋನೆ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಸರಿ ಬ್ರದರ್. ಭಾನುವಾರ ನಾವು ಆಡೋ ಪಾರ್ಕಿಗೆ ಬಾ. ಬಾಲ್ ನಿನಗೇ ಕೊಡ್ತಾರೆ, ನಾನು ಹಿಡೀತೀನಿ."

ಎಲ್ಲರೂ ಟೇಬಲ್ ಕುಟ್ಟಿದರು. ನಾನೂ ನಕ್ಕೆ.

ಆದರೆ ಆಮೇಲಿನ ನಾಲ್ಕು ದಿನ ಅನ್ನ ಸರಿಯಾಗಿ ಇಳಿಯಲಿಲ್ಲ.

ನಮ್ಮ ಕೆಲಸದಲ್ಲಿ ಮೈ ಗಟ್ಟಿ ಇದ್ದರೆ ಮಾತ್ರ ಕೆಲಸ. ಕೈಯೋ ಕಾಲೋ ಮುರಿದರೆ ಮಾರನೇ ದಿನ ಆ ಜಾಗದಲ್ಲಿ ಬೇರೆ ಯಾರೋ ಇರುತ್ತಾರೆ. ಮನೆಯಲ್ಲಿ ಹೆಂಡತಿ ಸುಜಾತಾ ಏಳು ತಿಂಗಳ ಬಸುರಿ. ಅವಳು ರಜೆ ಹಾಕಿದ ಮೇಲೆ ನಾನು ದುಡಿದರೇ ಮನೆ ನಡೆಯೋದು.

"ರೀ, ಎಮರ್ಜೆನ್ಸಿ ವಾರ್ಡ್‌ನ್ಯಾಗ ಇಂಥಾವ್ರನ್ನ ದಿನಾ ನೋಡ್ತೀನಿ ನಾ. ನೀವೂ ಅಲ್ಲಿ ಬಂದು ಮಲಗಬ್ಯಾಡ್ರಿ ಮತ್ತ," ಅಂದಳು.

"ಸುಮ್ನ ನೋಡಾಕ ಹೊಂಟೇನಿ ಮಾರಾಯ್ತಿ," ಅಂದೆ. ಸುಳ್ಳು.

ಭಾನುವಾರ ಬೆಳಿಗ್ಗೆ ಪಾರ್ಕಿನ ಹುಲ್ಲು ಇಬ್ಬನಿಗೆ ಒದ್ದೆಯಾಗಿತ್ತು. ಎರಡೂ ತುದಿಯಲ್ಲಿ ಜಾಕೆಟ್, ಬ್ಯಾಗು ಇಟ್ಟು ಗೆರೆ ಮಾಡಿಕೊಂಡಿದ್ದರು. ಅಬ್ದಿ ನನ್ನ ಟೀಮು. ಬಾಲನ್ನು ನನ್ನ ಹೊಟ್ಟೆಗೆ ಒತ್ತಿ "ಓಡೋ!" ಅಂದ.

ಓಡಿದೆ.

ಎದುರಿಗೆ ಸಿಯೋನೆ ಬರುತ್ತಿದ್ದಾನೆ. ನೆಲ ಅದುರುವುದು ನನ್ನ ಪಾದಕ್ಕೆ ಗೊತ್ತಾಗುತ್ತಿದೆ. ಕಣ್ಣಿಗೆ ಅವನ ಎದೆ ಬಿಟ್ಟು ಬೇರೇನೂ ಕಾಣುತ್ತಿಲ್ಲ. ತುಟಿ ತಾನಾಗೇ ಕಬಡ್ಡಿ ಕಬಡ್ಡಿ ಕಬಡ್ಡಿ ಅನ್ನುತ್ತಿದೆ...

ಅವನು ಕೈ ಚಾಚಿದ. ನಾನು ಬಗ್ಗಿ ಪಕ್ಕದಿಂದ ನುಗ್ಗಿದೆ. ದಾಟುವಾಗ ನನ್ನ ಬೆರಳು ಅವನ ಸೊಂಟಕ್ಕೆ ತಾಗಿತು.

ಅಷ್ಟೇ. ಮುಟ್ಟಿದ್ದಾಯಿತು, ಇನ್ನು ವಾಪಸ್!

ಕಬಡ್ಡಿಯಲ್ಲಿ ಮುಟ್ಟಿದ ಮೇಲೆ ತಿರುಗಿ ನಮ್ಮ ಕಡೆಗೆ ಓಡಬೇಕಲ್ಲ. ಆ ಹೆದರಿಕೆಯಲ್ಲಿ ಮೈಗೆ ನೆನಪಿದ್ದದ್ದು ಅದೊಂದೇ. ಮುಂದೆ ಮೈದಾನ ಖಾಲಿ ಬಿದ್ದಿತ್ತು, ನಾನು ಗಕ್ಕನೆ ತಿರುಗಿ ನಮ್ಮದೇ ಗೆರೆಯ ಕಡೆ ಓಡಿದೆ.

ಅಷ್ಟರಲ್ಲಿ ಸಿಯೋನೆಯೂ ತಿರುಗಿ, ನನ್ನ ಬೆನ್ನು ಹತ್ತಿ, ಪೂರ್ತಿ ಸ್ಪೀಡಲ್ಲಿ ಬರುತ್ತಿದ್ದ. ಒಂದು ಕ್ಷಣ ಇಬ್ಬರೂ ಮುಖಾಮುಖಿ. ಅವನ ಕಣ್ಣು ಅಗಲವಾದದ್ದು ನನಗೆ ಈಗಲೂ ಕಾಣುತ್ತೆ.

ಅವನು ನನ್ನ ಮೇಲೆ ಬೀಳಲಿಲ್ಲ. ಕಾಲೂರಿ ಅಷ್ಟು ದೊಡ್ಡ ಮೈಯನ್ನು ಪಕ್ಕಕ್ಕೆ ತಿರುಚಿಕೊಂಡ. ಟಪ್ ಅಂತ ಏನೋ ಸದ್ದಾಯಿತು.

ನಾನು ನಿಲ್ಲಲಿಲ್ಲ. ಎಲ್ಲರೂ ಕಿರುಚುತ್ತಿದ್ದರು, ನನಗೇ ಚೀರ್ ಮಾಡ್ತಿದ್ದಾರೆ ಅಂದುಕೊಂಡೆ. ಗೆರೆ ದಾಟಿ ಎರಡೂ ಕೈ ಮೇಲೆತ್ತಿದೆ.

ತಿರುಗಿದರೆ ಯಾರೂ ನನ್ನ ಕಡೆ ನೋಡುತ್ತಿಲ್ಲ.

ಸಿಯೋನೆ ಬಲ ಮೊಣಕಾಲು ಹಿಡಿದುಕೊಂಡು ಬಿದ್ದಿದ್ದ. ಕೂಗುತ್ತಿರಲಿಲ್ಲ. ಸದಾ ವಟವಟ ಅನ್ನುವ ಮನುಷ್ಯ ಹಲ್ಲು ಕಚ್ಚಿಕೊಂಡು ಆಕಾಶ ನೋಡುತ್ತಿದ್ದಾನೆ...

ಸುಜಾತಾಗೆ ಕಾಲ್ ಮಾಡಿ, ಬಿದ್ದದ್ದು, ಮೊಣಕಾಲು ಟಪ್ ಅಂದದ್ದು ಹೇಳಿದೆ.

"ಮೊಣಕಾಲ ಅಳ್ಳಾಡಸಬ್ಯಾಡ್ರಿ. ಆಂಬ್ಯುಲೆನ್ಸ್ ಕರೀರಿ ಮೊದ್ಲ," ಅಂದಳು. ಆಮೇಲೆ ದನಿ ಸಣ್ಣದಾಯಿತು. "ಬಿದ್ದಾವ್ರು ಯಾರು? ನೀವೇನು?"

"ನಾ ಅಲ್ಲ."

ಅವಳು ಉಸಿರು ಬಿಟ್ಟದ್ದು ಫೋನಲ್ಲಿ ಕೇಳಿಸಿತು. ಆಗ ನನಗೂ ಒಳಗೊಳಗೇ ಹಗುರವಾಯಿತು. ಆ ಹಗುರವಾದದ್ದಕ್ಕೆ ನಾಚಿಕೆಯಾಗಿ ಫೋನ್ ಇಟ್ಟುಬಿಟ್ಟೆ.

ಡಾಕ್ಟರ್ ಆಪರೇಷನ್ ಅಂದಿದ್ದಾರೆ. ಅವನು ಪೆಡಲ್ ಒತ್ತುವುದೇ ಆ ಕಾಲಲ್ಲಿ. ಮತ್ತೆ ಫೋರ್ಕ್‌ಲಿಫ್ಟ್ ಹತ್ತುತ್ತಾನಾ ಅಂದರೆ ಯಾರೂ ಹೌದು ಅನ್ನುತ್ತಿಲ್ಲ. ಸೋಮವಾರವೇ ಅವನ ಸೀಟಲ್ಲಿ ಬೇರೆಯವನು ಕೂತಿದ್ದ.

ಸಿಯೋನೆ ಮಾತ್ರ ಎಲ್ಲರಿಗೂ "ಹುಲ್ಲಲ್ಲಿ ಕಾಲು ಜಾರಿತು" ಅಂತಲೇ ಹೇಳಿದ್ದಾನೆ. ಅವನ ಹೆಂಡತಿಗೂ.

ಕಾಲು ಜಾರಲಿಲ್ಲ. ಅವನು ಹಾಗೇ ಬಂದಿದ್ದರೆ ನಾನು ಪುಡಿಯಾಗುತ್ತಿದ್ದೆ, ಅವನ ಕಾಲು ನೆಟ್ಟಗಿರುತ್ತಿತ್ತು.

ನಿನ್ನೆ ಅಬ್ದಿ ಹೊಸ ರನ್ನಿಂಗ್ ಬ್ಯಾಕ್‌ನ ಪ್ರಾಕ್ಟೀಸ್ ವಿಡಿಯೋ ತೋರಿಸಿದ. ಗಿಡ್ಡ ಮೂರು ಜನರ ನಡುವೆ ಮೀನಿನ ಹಾಗೆ ಜಾರಿಕೊಂಡು ಹೋದ. ಮೊದಲು ನಕ್ಕವರೆಲ್ಲ ಈಗ "ಅಬ್ಬಾ, ಏನ್ ಓಡ್ತಾನೋ!" ಅನ್ನುತ್ತಿದ್ದಾರೆ. ನಾನು ಅವನನ್ನು ನೋಡಲೇ ಇಲ್ಲ. ಹಿಂದೆ ಓಡಿ ಬರುತ್ತಿದ್ದ ದಪ್ಪನೆಯವನ ಮೊಣಕಾಲನ್ನೇ ನೋಡುತ್ತಿದ್ದೆ.

ಇವತ್ತು ಸಿಯೋನೆಯ ಮೆಸೇಜ್ ಬಂತು. ಈ ಭಾನುವಾರ ಸೀಸನ್ನಿನ ಮೊದಲ ಮ್ಯಾಚ್, ಮನೆಗೆ ಬಾ, ನಿನ್ನ ಗಿಡ್ಡನ ಆಟ ಇಬ್ಬರೂ ಕೂತು ನೋಡೋಣ ಅಂತ.

ಅವನಿಗೆ ಎದ್ದು ಬರೋಕಾಗಲ್ಲ, ಬಾಗಿಲು ತೆಗೆಯೋದು ಅವನ ಹೆಂಡತಿ... ಅವರಿಗೆ ಮೊದಲ ಮಾತು ಏನಂತ ಹೇಳಲಿ, ಯಾರಾದರೂ ಹೇಳ್ತೀರಾ?