ಮಾವನ ಲಾವಂಚದ ತಟ್ಟಿ

ನನ್ನ ಮಾವನಿಗೆ ಸೆಖೆ ತಡೆಯುತ್ತಿರಲಿಲ್ಲ. ಅದನ್ನೇ ದೊಡ್ಡ ಬಿರುದು ಬಂದವರ ಹಾಗೆ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ತಿರುಮಕೂಡಲು ನರಸೀಪುರದ ಪಕ್ಕದ ನಮ್ಮ ಹಳ್ಳಿಗೆ ಅವರೇ ಪಟೇಲರು. ಒಂದು ಬೇಸಿಗೆಯಲ್ಲಿ, ನಂಜನಗೂಡಿನಲ್ಲಿ ಮೊಕ್ಕಾಂ ಮಾಡಿದ್ದ ಯಾರೋ ದೊಡ್ಡ ಅಧಿಕಾರಿಯನ್ನು ಕಾಣಲು ಹೋಗಿ, ಅವನ ಡೇರೆಯ ಬಾಗಿಲಿಗೆ ಕಟ್ಟಿದ್ದ ಲಾವಂಚದ ತಟ್ಟಿಯನ್ನು ನೋಡಿಕೊಂಡು ಬಂದರು. ಬಂದವರೇ ಹೊಳೆದಂಡೆಯ ಲಾವಂಚವನ್ನೆಲ್ಲ ಅಗೆಸಿ, ಬೇರು ತೊಳೆಸಿ, ಬಿದಿರ ದಬ್ಬೆಗೆ ಹೆಣೆಸಿ, ಪಡಸಾಲೆಯ ಬಾಗಿಲಿಗೆ ತೂಗುಹಾಕಿಸಿದರು. ಅದೂ ಸಾಲದೆಂದು ಕಿಟಕಿಗೆ ಒದ್ದೆ ಗೋಣಿತಾಟು, ಹೆಂಚಿನ ಮೇಲೆ ತೆಂಗಿನ ಸೋಗೆ, ನೆಲಕ್ಕೆ ಗಳಿಗೆಗೊಮ್ಮೆ ನೀರು.

ಇಷ್ಟಕ್ಕೂ ನೀರು ಹೊತ್ತವಳು ಯಾರು? ನಾನು. ತಟ್ಟಿ ಒಣಗಿದರೆ ಮಾವ ಒಳಗಿನಿಂದ ಕೆಮ್ಮುತ್ತಿದ್ದರು. ಕೆಮ್ಮಿದರೆ ನೀರು ಹುಯ್ಯಬೇಕು ಅಂತ ಅರ್ಥ. ಬಾಯಿಬಿಟ್ಟು ಹೇಳಿದರೆ ಗಂಟೇನು ಹೋಗುತ್ತಿತ್ತೋ! ಬಸುರಿ ಅಂತಲೂ ನೋಡದೆ ಎಂಟು ತಿಂಗಳು ತುಂಬುವವರೆಗೆ ಹೊಳೆಗೂ ಆ ಬಾಗಿಲಿಗೂ ನನ್ನನ್ನು ಅಲೆಸಿದರು.

ತವರಿನಲ್ಲಿ ತಾಯಿ ಇರಲಿಲ್ಲವಾದ್ದರಿಂದ ಚೊಚ್ಚಲ ಬಾಣಂತನವೂ ಅತ್ತೆಮನೆಯಲ್ಲೇ ಆಯಿತು. ಬಾಣಂತಿ ಕೋಣೆ ಅಂದರೆ ಪಡಸಾಲೆಯ ಹಿಂದಿನ ಕತ್ತಲೆ ಗೂಡು. ನನ್ನ ಕೈಗೆಟುಕದ ಎತ್ತರದಲ್ಲಿದ್ದ ಒಂದೇ ಬೆಳಕಿಂಡಿಗೂ ಹೊರಗಿನಿಂದ ಹಳೇ ಬಟ್ಟೆ ತುರುಕಿದ್ದರು. ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ. ಕುಡಿಯಲು ದಿನಕ್ಕೆ ಒಂದು ಚೊಂಬು ಜೀರಿಗೆ ಹಾಕಿ ಕಾಸಿದ ನೀರು. ವೈಶಾಖದ ಬಿಸಿಲಿನಲ್ಲಿ ಇದು! ಗೋಡೆಯಾಚೆ ಮಾವ ತಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಆ ಗೊರಕೆ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಆರನೆಯ ದಿನ ಮಗುವಿನ ಮೈಯೆಲ್ಲ ಕೆಂಪು ಗುಳ್ಳೆ ಎದ್ದು, ಮುಟ್ಟಿದರೆ ಕೈ ಸುಡುವ ಹಾಗಾಯಿತು. ಮೊಲೆ ಬಾಯಿಗಿಟ್ಟರೆ ಮುಖ ತಿರುಗಿಸುತ್ತಿತ್ತು.

"ಅತ್ತೆ, ಆ ಕಿಂಡಿ ಬಟ್ಟೆನಾದ್ರೂ ತೆಗೀರಿ. ಮೊಗ ಬೆಂದೋಯ್ತಾ ಅದೆ" ಅಂದೆ.

"ಬಾಣ್ತಿಗೆ ತಂಪಾ? ನಂಜಾಯ್ತದೆ ಕಣಮ್ಮಿ! ಮೊಗೀಗೆ ಶೀತ ಆಗ್ಯದೆ, ಅದ್ಕೇ ಆಲು ಕುಡೀತಿಲ್ಲ" ಎಂದು ಅತ್ತೆ ಇನ್ನೊಂದು ಅಗ್ಗಿಷ್ಟಿಕೆಯನ್ನು ಹೊಸ್ತಿಲಾಚೆಯಿಂದ ಕೋಲಿನಲ್ಲಿ ಒಳಕ್ಕೆ ತಳ್ಳಿದರು. ಕೋಲು ಯಾಕೆಂದರೆ, ಹನ್ನೊಂದನೆಯ ದಿನ ಪುರುಡು ಕಳೆಯುವವರೆಗೆ, ಬೆಳಗ್ಗೆ ಬಂದು ಎರೆದು ಹೋಗುವ ಸೂಲಗಿತ್ತಿಯ ಹೊರತು ಬಾಣಂತಿಯನ್ನು ಯಾರೂ ಮುಟ್ಟುವಂತಿಲ್ಲ. ಅವಳು ಕೂತ ಜಾಗಕ್ಕೆ ಕಾಲೂ ಇಡುವಂತಿಲ್ಲ, ಮೈಲಿಗೆ.

ಅವರು ಅತ್ತ ಹೋದ ಮೇಲೆ ನನ್ನ ಚೊಂಬಿನ ನೀರನ್ನೆಲ್ಲ ಹರಕು ಸೀರೆಗೆ ಸುರಿದು ತೊಟ್ಟಿಲ ಮೇಲೆ ಕಟ್ಟಿದೆ. ಎರಡು ಕೆಂಡದ ಬಿಸಿಗೆ ಅದು ನೋಡನೋಡುತ್ತ ಒಣಗಿ ಗರಿಗರಿಯಾಯಿತು. ಮಾರನೆಯ ದಿನದವರೆಗೆ ನನಗೆ ಕುಡಿಯಲೂ ನೀರಿಲ್ಲ.

ಏಳನೆಯ ದಿನ ನಡುಮಧ್ಯಾಹ್ನ ಮಗು ಅಳುವುದನ್ನೂ ನಿಲ್ಲಿಸಿತು. ಗಂಡನನ್ನು ಕೂಗಿದೆ. ಹಿತ್ತಲ ಬಾಗಿಲಿನಿಂದ ಅವರು ಹೇಳಿದ್ದೇನು ಗೊತ್ತೇ? "ಅಪ್ಪಯ್ಯ ಮಲಗವ್ರೆ, ಮೆತ್ತಗೆ ಮಾತಾಡು." ಥೂ, ಅಂಥ ಗಂಡು ನನ್ನ ಪಾಲಿಗೆ ಬಂದಿತ್ತು.

ಆಗ ಹೊಳೆಯಿತು ನೋಡಿ. ಯಾರೂ ಮುಟ್ಟಬಾರದು ಅಂದಮೇಲೆ ನನ್ನನ್ನು ಹಿಡಿದು ನಿಲ್ಲಿಸುವವರು ಯಾರು? ಮಗುವನ್ನು ಎತ್ತಿಕೊಂಡೆ, ಹೊಸ್ತಿಲು ದಾಟಿದೆ, ನೇರ ಪಡಸಾಲೆಗೆ ನಡೆದೆ.

ಮಾವ ಕಣ್ಣುಬಿಟ್ಟು ನನ್ನನ್ನು ನೋಡಿ, "ಅಯ್ಯಯ್ಯೋ, ಮುಟ್ಬುಟ್ಟಾಳು!" ಎಂದು ಪಂಚೆ ಕೈಯಲ್ಲಿ ಹಿಡಿದು ಜಗುಲಿಗೆ ಹಾರಿದರು. ನಾನು ತಟ್ಟಿಗೆ ಬೆನ್ನುಕೊಟ್ಟು ಒದ್ದೆ ನೆಲದ ಮೇಲೆ ಕೂತೆ. ಸೆರಗನ್ನು ಗುಡಾಣದ ನೀರಿಗೆ ಅದ್ದಿ ಮಗುವಿನ ಮೈಯೊರೆಸಿದೆ, ತುಟಿ ತೇವ ಮಾಡಿದೆ.

"ಎದ್ದೋಗೇ ಒಳೀಕೆ! ಪಡಸಾಲೆನೆಲ್ಲಾ ಮೈಲ್ಗೆ ಮಾಡ್ಬುಟ್ಟಲ್ಲೇ!" ಎಂದು ಆಚೆಯಿಂದ ಮಾವನ ಅರಚಾಟ.

"ಬನ್ನಿ ಮಾವ, ಬಂದು ಎಳ್ದಾಕಿ" ಅಂದೆ.

ಯಾರೂ ಬರಲಿಲ್ಲ. ಬೈಗುಳ ಮಾತ್ರ ಬಂತು, ನನ್ನ ಸತ್ತ ತಾಯಿಯನ್ನೂ ಬಿಡಲಿಲ್ಲ. ನಾನು ಮಗುವಿನ ಬಾಯನ್ನೇ ನೋಡುತ್ತ ಕೂತಿದ್ದೆ. ಎಷ್ಟು ಹೊತ್ತಾಯಿತೋ, ಆ ಎಳೆ ತುಟಿ ಅಲುಗಿತು. ಮೊಲೆ ಇಟ್ಟೆ. ಒಮ್ಮೆ ಚೀಪಿ ಬಿಟ್ಟಿತು. ಮತ್ತೆ ಹಿಡಿಯಿತು, ಈ ಸಲ ಬಿಡಲಿಲ್ಲ.

ತಟ್ಟಿಯ ಆಚೆ ಅತ್ತೆಯ ದನಿ ಕೇಳಿಸಿತು. "ಕುಡೀತಾ ಅದಾ?"

"ಊಂ, ಕುಡೀತಾ ಅದೆ."

ಅತ್ತೆ ತಟ್ಟಿಗೆ ಬಾಯಿ ಹತ್ತಿರ ತಂದು, ಮಾವನಿಗೆ ಕೇಳದ ಹಾಗೆ ಹೇಳಿದರು: "ತೀರೋದ ನನ್ನ ಮೂರು ಮೊಗಗ್ಳೂ ಇಂಗೇ ಸುಡ್ತಿದ್ವು ಕಣಮ್ಮಿ, ಅದೇ ಕ್ವಾಣೇಲಿ. ಶೀತ ಅಂದ್ಕಂಡು ನಾನೇ ಇನ್ನಷ್ಟು ಕೆಂಡ ಇಟ್ಟೆ."

ಅಯ್ಯೋ ಪಾಪ ಅನ್ನಿಸಿತು ಅಂತ ಬರೆದರೆ ಸುಳ್ಳಾಗುತ್ತದೆ. ಏಳು ದಿನದ ಸಿಟ್ಟು ನನ್ನ ಹೊಟ್ಟೆಯಲ್ಲಿ ಹಾಗೇ ಇತ್ತು. "ತಟ್ಟಿ ಒಣಗ್ತಾ ಅದೆ, ನೀರು ಉಯ್ಯಿ ಅತ್ತೆ" ಅಂದೆ, ಅಷ್ಟೇ.

ಅವರ ಹೆಜ್ಜೆ ಸಪ್ಪಳ ದೂರವಾಯಿತು. ಬರುವುದಿಲ್ಲ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ತಟ್ಟಿಯ ಮೇಲಿಂದ ಧಾರಾಕಾರ ನೀರು ಇಳಿದು ನನ್ನ ಬೆನ್ನೆಲ್ಲ ನೆನೆಯಿತು. ಆ ವಯಸ್ಸಿನಲ್ಲಿ ಹೊಳೆಗೂ ಬಾಗಿಲಿಗೂ ಅಲೆಯುತ್ತ, ಬಿಸಿಲು ಇಳಿಯುವವರೆಗೆ ಕೊಡದ ಮೇಲೆ ಕೊಡ ಸುರಿದರು. ಮಾವ ಜಗುಲಿಯಿಂದ, "ಸಾಕು ನಿಲ್ಸೇ" ಎಂದು ಗದರಿದರು. ಅತ್ತೆ ನಿಲ್ಲಿಸಲಿಲ್ಲ.